ಇರುಳಿನ ಆಕಾಶವೂ ನಾಡಿನ ಆಸ್ತಿಯೇ

ನೆಲ, ನೀರು, ಕಾಡು, ಗಣಿ ಇವೆಲ್ಲವೂ ಪ್ರಜೆಗಳ ಸಾಮಾನ್ಯ ಸ್ವತ್ತೆಂಬುದನ್ನೂ, ಇವನ್ನು ಹಾಳುಮಾಡುವ ಹಕ್ಕು ಯಾವನೊಬ್ಬನಿಗೂ ಇಲ್ಲವೆಂಬುದನ್ನೂ ನಮ್ಮ ದೇಶವು ಬಹು ಕಷ್ಟದಿಂದ ಕಲಿತುಕೊಂಡಿದೆ. ಕೆರೆಯನ್ನು ಒತ್ತುವರಿ ಮಾಡಿದವನನ್ನು ಊರು ಪ್ರಶ್ನಿಸುತ್ತದೆ. ಕಾಡಿನ ಮರವನ್ನು ಕಡಿದವನ ಮೇಲೆ ಸರ್ಕಾರದವರು ಮೊಕದ್ದಮೆ ಹೂಡುತ್ತಾರೆ. ಆದರೆ ಕಂದಾಯವಿಲ್ಲದೆ, ಕಾವಲಿಲ್ಲದೆ, ಬಡವನಿಗೂ ಬಲ್ಲಿದನಿಗೂ ಸಮವಾಗಿ ದೊರೆಯುತ್ತಿದ್ದ ಮತ್ತೊಂದು ಸಂಪತ್ತು ನಮ್ಮ ಕಣ್ಣೆದುರಿಗೇ ಕರಗಿಹೋಗುತ್ತಿರುವಾಗ, ಅದನ್ನು ಕುರಿತು ದೂರು ಕೊಡುವವರೂ ಇಲ್ಲ, ದೂರನ್ನು ದಾಖಲು ಮಾಡಿಕೊಳ್ಳುವ ಕಚೇರಿಯೂ ಇಲ್ಲ. ನಾವು ಹೇಳುತ್ತಿರುವುದು ಇರುಳಿನ ಆಕಾಶವನ್ನು ಕುರಿತು. ನಕ್ಷತ್ರಗಳನ್ನು ನಮಗೆ ತೋರಿಸಿಕೊಡುವ ಕತ್ತಲೆಯನ್ನು ಕುರಿತು.

ಮೈಸೂರು ಜಿಲ್ಲೆಯ ನಮ್ಮ ಸೀಮೆಯಲ್ಲಿ ಈ ಸಂಪತ್ತು ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ಉಳಿದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರದ ಪೇಟೆಗಳಲ್ಲಿ ರಾತ್ರಿ ತಲೆಯೆತ್ತಿ ನೋಡಿದವನಿಗೆ ಕಾಣುವುದು ಬೆರಳೆಣಿಕೆಯ ನಕ್ಷತ್ರಗಳು ಮಾತ್ರ. ಮಡಿಕೇರಿಯ ಕಡೆಗೆ ಹೋಗುವ ಹೆದ್ದಾರಿಯ ಉದ್ದಕ್ಕೂ ದೀಪಗಳ ಸಾಲು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ. ಆದರೆ ಹುಣಸೂರಿನಿಂದ ದಕ್ಷಿಣಾಭಿಮುಖವಾಗಿ ಹನಗೋಡಿಗೆ ಹೋಗಿ, ಲಕ್ಷ್ಮಣತೀರ್ಥದ ಅಣೆಕಟ್ಟನ್ನು ದಾಟಿ, ನಾಗರಹೊಳೆಯ ಕಾಡಿನಂಚಿನ ಗ್ರಾಮಗಳನ್ನು ಮುಟ್ಟಿದರೆ ಬೇರೆಯೇ ಆಕಾಶವು ಎದುರಾಗುತ್ತದೆ. ಪುಷ್ಯ ಮಾಘ ಮಾಸಗಳ ಅಮಾವಾಸ್ಯೆಯ ಆಸುಪಾಸಿನಲ್ಲಿ ಕೃತ್ತಿಕೆಯ ಗೊಂಚಲು, ರೋಹಿಣಿಯ ಕೆಂಪು, ಮೃಗಶಿರ ಆರಿದ್ರಗಳು, ದಕ್ಷಿಣದಲ್ಲಿ ಅಗಸ್ತ್ಯ ನಕ್ಷತ್ರ, ಇವೆಲ್ಲವೂ ಅಲ್ಲಿ ಸ್ಪಷ್ಟವಾಗಿ ತೋರುತ್ತವೆ. ಚೈತ್ರ ವೈಶಾಖಗಳಲ್ಲಿ ದಕ್ಷಿಣ ದಿಗಂತದ ಮೇಲೆ ತ್ರಿಶಂಕುವು ನಿಲ್ಲುತ್ತದೆ. ಹೊಗೆಸೊಪ್ಪಿನ ಬ್ಯಾರನ್ನುಗಳ ಒಲೆಯನ್ನು ಕಾಯುತ್ತ ಇರುಳೆಲ್ಲ ಎಚ್ಚರವಾಗಿರುವ ರೈತನೂ, ಆನೆ ಹಂದಿಗಳಿಂದ ಬೆಳೆಯನ್ನು ಕಾಯಲು ಅಟ್ಟಣೆಯ ಮೇಲೆ ಕುಳಿತಿರುವ ಅವನ ಮಗನೂ ಈ ಸಂಪತ್ತಿನ ಕೊನೆಯ ವಾರಸುದಾರರಾಗಿ ಉಳಿದಿದ್ದಾರೆ. ಅದು ಅವರ ಕೈಯಿಂದಲೂ ಜಾರಿಹೋಗುವ ಮೊದಲು ನಾವು ಎರಡು ಮಾತು ಆಡಬೇಕಾಗಿದೆ.

ಇದು ಕವಿಗಳಿಗೂ ವಿರಾಮವುಳ್ಳವರಿಗೂ ಸೇರಿದ ವಿಚಾರವೆಂದು ನಮ್ಮ ಅಧಿಕಾರಿವರ್ಗದವರು ಬದಿಗೆ ಸರಿಸಬಾರದು. ಆಕಾಶದ ಕತ್ತಲೆಯು ಒಂದು ರಾಷ್ಟ್ರದ ಜ್ಞಾನಕ್ಕೆ ಎಷ್ಟು ಬೆಲೆಯುಳ್ಳದ್ದೆಂಬುದನ್ನು ಸ್ವತಂತ್ರ ಭಾರತದ ಮಹಾ ಖಗೋಳಶಾಸ್ತ್ರಜ್ಞರಲ್ಲೊಬ್ಬರಾದ ಎಂ. ಕೆ. ವೈನು ಬಾಪು ಅವರ ಜೀವನವು ಚೆನ್ನಾಗಿ ತೋರಿಸಿಕೊಡುತ್ತದೆ. 2027ನೆಯ ಇಸವಿಯ ಆಗಸ್ಟ್ 10ಕ್ಕೆ ಅವರು ಹುಟ್ಟಿ ನೂರು ವರ್ಷ. ಅವರು ಕಟ್ಟಿದ ಸಂಸ್ಥೆಯು ನಮ್ಮ ಬೆಂಗಳೂರಿನಲ್ಲಿಯೇ ಇರುವುದಾದರೂ ಅವರ ಹೆಸರು ನಮ್ಮ ಶಾಲೆಗಳಲ್ಲಿ ಅಪೂರ್ವವಾಗಿರುವುದು ವಿಷಾದದ ಸಂಗತಿ.

ಬಾಪು ಅವರ ತಂದೆ ಹೈದರಾಬಾದಿನ ನಿಜಾಮಿಯಾ ವೇಧಶಾಲೆಯಲ್ಲಿ ಸಹಾಯಕರಾಗಿದ್ದರು. ಬಾಲಕನಾಗಿದ್ದಾಗಲೇ ಬಾಪು ಅವರಿಗೆ ಆಕಾಶದ ಪರಿಚಯವಾದುದು ಅಲ್ಲಿ. ನಿಜಾಂ ಕಾಲೇಜಿನಲ್ಲಿ ಓದಿದ ತರುವಾಯ ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನವನ್ನು ಪಡೆದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿದರು. 1949ರಲ್ಲಿ, ಅಲ್ಲಿಗೆ ಹೋದ ಸ್ವಲ್ಪ ಕಾಲದಲ್ಲಿಯೇ, ತಾವು ತೆಗೆದ ಛಾಯಾಚಿತ್ರದ ತಗಡಿನಲ್ಲಿ ಹೊಸದೊಂದು ಧೂಮಕೇತುವನ್ನು ಗುರುತಿಸಿದರು. ಜೊತೆಯಲ್ಲಿದ್ದ ಬಾರ್ಟ್ ಬಾಕ್ ಮತ್ತು ಗಾರ್ಡನ್ ನ್ಯೂಕರ್ಕ್ ಎಂಬುವರ ಹೆಸರುಗಳೊಡನೆ ಅದು ಇಂದಿಗೂ ಬಾಪು ಅವರ ಹೆಸರನ್ನು ಹೊತ್ತಿದೆ. 1952ರಲ್ಲಿ ಡಾಕ್ಟರ್ ಪದವಿಯನ್ನು ಪಡೆದು, ಆ ಕಾಲಕ್ಕೆ ಲೋಕದಲ್ಲೆಲ್ಲ ದೊಡ್ಡದಾಗಿದ್ದ ದೂರದರ್ಶಕವಿದ್ದ ಪಾಲೊಮಾರಿನಲ್ಲಿ ಸಂಶೋಧನೆ ಮಾಡುವ ಅವಕಾಶವನ್ನೂ ಗಳಿಸಿದರು.

ಅಲ್ಲಿ ಓಲಿನ್ ವಿಲ್ಸನ್ ಎಂಬ ಹಿರಿಯ ವಿಜ್ಞಾನಿಯೊಡನೆ ಸೇರಿ ನಡೆಸಿದ ಪರಿಶೀಲನೆಯ ಫಲವನ್ನು 1957ರಲ್ಲಿ ಪ್ರಕಟಿಸಿದರು. ಅದರ ಸಾರವನ್ನು ನಮ್ಮ ವಾಚಕರು ಹೀಗೆ ತಿಳಿಯಬಹುದು. ಕತ್ತಲೆಯಲ್ಲಿ ದೂರದಲ್ಲೊಂದು ದೀಪವು ಕಂಡರೆ ಅದು ಹತ್ತಿರದ ಹಣತೆಯೋ ಬಹು ದೂರದ ದೊಡ್ಡ ದೀಪವೋ ಎಂದು ಬರಿಗಣ್ಣಿನಿಂದ ಹೇಳುವುದು ಕಷ್ಟ. ನಕ್ಷತ್ರಗಳ ವಿಷಯದಲ್ಲಿಯೂ ಇದೇ ತೊಡಕು. ನಕ್ಷತ್ರದ ನಿಜವಾದ ಕಾಂತಿಯು ತಿಳಿದರೆ ಮಾತ್ರ ಅದರ ದೂರವು ತಿಳಿಯುತ್ತದೆ. ಸೂರ್ಯನಂಥ ಮತ್ತು ಅದಕ್ಕಿಂತ ತಣ್ಣನೆಯ ನಕ್ಷತ್ರಗಳ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದಾಗ ಕ್ಯಾಲ್ಸಿಯಂ ಧಾತುವಿನ ಕಪ್ಪು ಗೆರೆಯೊಂದರ ನಡುವೆ ಸಣ್ಣದೊಂದು ಹೊಳಪು ಕಾಣುತ್ತದೆ. ಆ ಹೊಳಪಿನ ಅಗಲವು ಹೆಚ್ಚಿದಷ್ಟೂ ನಕ್ಷತ್ರದ ನಿಜವಾದ ಕಾಂತಿಯೂ ಹೆಚ್ಚಾಗಿರುವುದೆಂದು ಈ ಇಬ್ಬರೂ ತೋರಿಸಿದರು. ಗೆರೆಯ ಅಗಲವನ್ನು ಅಳೆದು ಕೋಟ್ಯಂತರ ಮೈಲಿಗಳ ದೂರವನ್ನು ನಿರ್ಣಯಿಸುವ ಈ ಸಾಧನಕ್ಕೆ ಲೋಕದ ಜ್ಯೋತಿಶ್ಶಾಸ್ತ್ರಜ್ಞರು ವಿಲ್ಸನ್–ಬಾಪು ಪರಿಣಾಮವೆಂದು ಹೆಸರಿಟ್ಟಿದ್ದಾರೆ.

ಪರದೇಶದಲ್ಲಿ ಇಂಥ ಕೀರ್ತಿಗೆ ಅರ್ಹವಾದ ಕೆಲಸವು ಸಾಗುತ್ತಿದ್ದ ವಯಸ್ಸಿನಲ್ಲಿಯೇ ಅವರು ಸ್ವದೇಶಕ್ಕೆ ಹಿಂದಿರುಗಿದರು. ಇಲ್ಲಿ ಅವರಿಗೆ ಸಿದ್ಧವಾಗಿದ್ದುದಾದರೂ ಏನು? ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಮದರಾಸಿನಲ್ಲಿ ವೇಧಶಾಲೆಯನ್ನು ಸ್ಥಾಪಿಸಿದ್ದು ತಮ್ಮ ಹಡಗುಗಳಿಗೂ ಭೂಮಾಪನಕ್ಕೂ ಬೇಕಾದ ಲೆಕ್ಕಗಳಿಗಾಗಿ. 1899ರಲ್ಲಿ ಕೊಡೈಕನಾಲಿನ ವೇಧಶಾಲೆಯು ಆರಂಭವಾದುದು ಸೂರ್ಯನನ್ನು ನೋಡುವುದಕ್ಕಾಗಿ. ಅಲ್ಲಿ 1909ರಲ್ಲಿ ಎವರ್‌ಷೆಡ್ ಎಂಬ ಆಂಗ್ಲ ವಿಜ್ಞಾನಿಯು ಸೂರ್ಯಕಳಂಕಗಳಲ್ಲಿ ಅನಿಲಗಳು ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದುದೂ ಉಂಟು. ನಾವು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ದೂರದ ನಕ್ಷತ್ರಗಳನ್ನು ಈ ಕಾಲದ ದೊಡ್ಡ ಸಲಕರಣೆಗಳಿಂದ ಪರಿಶೀಲಿಸುವ ಸೌಕರ್ಯವನ್ನು ಪರರ ಆಳ್ವಿಕೆಯು ಈ ದೇಶಕ್ಕೆ ಮಾಡಿಕೊಟ್ಟು ಹೋಗಿರಲಿಲ್ಲ. ಆರ್ಯಭಟ ಭಾಸ್ಕರರ ವಂಶಸ್ಥರೆಂದು ಹೇಳಿಕೊಳ್ಳುವ ನಾವು ನಮ್ಮ ತಲೆಯ ಮೇಲಿನ ನಕ್ಷತ್ರಗಳ ವಿಷಯವನ್ನೇ ಪರದೇಶದ ಪತ್ರಿಕೆಗಳಲ್ಲಿ ಓದಿ ತಿಳಿಯಬೇಕಾದ ಸ್ಥಿತಿಯಲ್ಲಿದ್ದೆವು.

ಬಾಪು ಅವರು ಮೊದಲು ಉತ್ತರ ಪ್ರದೇಶದ ವೇಧಶಾಲೆಯನ್ನು ಕಾಶಿಯಿಂದ ನೈನಿತಾಲಿನ ಬೆಟ್ಟಗಳಿಗೆ ಸಾಗಿಸಿ, ಅಲ್ಲಿಯ ಮನೋರಾ ಶಿಖರವನ್ನು ಅದಕ್ಕೆ ತಕ್ಕ ಸ್ಥಳವೆಂದು ಆರಿಸಿದರು. 1960ರಲ್ಲಿ ಕೊಡೈಕನಾಲಿನ ನಿರ್ದೇಶಕರಾಗಿ ದಕ್ಷಿಣಕ್ಕೆ ಬಂದರು. ಹಗಲಿನ ಸೂರ್ಯವೀಕ್ಷಣೆಗೆ ಹೊಂದುವ ಬೆಟ್ಟವು ಇರುಳಿನ ನಕ್ಷತ್ರವೀಕ್ಷಣೆಗೆ ಹೊಂದುವುದೆಂಬ ನಿಯಮವಿಲ್ಲ. ಆದುದರಿಂದ ಅವರು ದಕ್ಷಿಣದಲ್ಲಿ ಹೊಸ ಜಾಗವನ್ನು ಹುಡುಕಿಸಿದರು. ಮೋಡವು ಎಷ್ಟು ರಾತ್ರಿ ಕವಿಯುತ್ತದೆ, ಗಾಳಿಯು ಎಷ್ಟು ನಿಶ್ಚಲವಾಗಿರುತ್ತದೆ, ಪಟ್ಟಣದ ದೀಪಗಳು ಎಷ್ಟು ದೂರವಿವೆ, ದಕ್ಷಿಣದ ಆಕಾಶವು ಎಷ್ಟು ಕಾಣುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರವಾಗಿ ದೊರೆತುದು ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾಡಿನ ನಡುವಿನ ಕಾವಲೂರು. ಅದು ಬೆಂಗಳೂರಿನಿಂದ ಸುಮಾರು 175 ಕಿಲೋಮೀಟರ್ ದೂರದಲ್ಲಿ, ಸಮುದ್ರಮಟ್ಟಕ್ಕಿಂತ 725 ಮೀಟರ್ ಎತ್ತರದಲ್ಲಿರುವ ಹಳ್ಳಿ. ಒಬ್ಬ ವಿಜ್ಞಾನಿಯು ಸಲಕರಣೆಗಿಂತಲೂ ಮೊದಲು ಕತ್ತಲೆಯನ್ನು ಹುಡುಕಿಕೊಂಡು ಹೋದನೆಂಬುದನ್ನು ನಮ್ಮ ವಾಚಕರು ಗಮನಿಸಬೇಕು.

ಆ ಹುಡುಕಾಟದ ಫಲವು ಬೇಗನೆ ಕೈಗೆ ಬಂದಿತು. 1972ರಲ್ಲಿ ಒಂದು ಮೀಟರ್ ವ್ಯಾಸದ ದೂರದರ್ಶಕವು ಕಾವಲೂರಿನಲ್ಲಿ ಕೆಲಸಕ್ಕೆ ತೊಡಗಿತು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹವು ಒಂದು ನಕ್ಷತ್ರವನ್ನು ಮರೆಮಾಡಲಿದ್ದಾಗ ಲೋಕದ ಹಲವು ಕಡೆಗಳಲ್ಲಿ ವಿಜ್ಞಾನಿಗಳು ಕಾದಿದ್ದರು. ಗ್ರಹವು ಅಡ್ಡ ಬರುವ ಮೊದಲೇ ನಕ್ಷತ್ರದ ಬೆಳಕು ಕೆಲವು ಕ್ಷಣ ಕುಂದಿದುದನ್ನು ವಿಮಾನದಲ್ಲಿ ಹಾರುತ್ತಿದ್ದ ಅಮೆರಿಕದವರು ದಾಖಲು ಮಾಡಿದರು. ಕಾವಲೂರಿನಲ್ಲಿ ನೆಲದ ಮೇಲೆ ನಿಂತು ಜೆ. ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿಯವರೂ ಅಂಥ ಕುಂದುವಿಕೆಯನ್ನು ದಾಖಲು ಮಾಡಿದರು. ಯುರೇನಸ್ಸಿಗೂ ಶನಿಗ್ರಹದಂತೆ ಉಂಗುರಗಳಿರುವ ವಿಷಯವು ಹೀಗೆ ಬೆಳಕಿಗೆ ಬಂದಿತು. ಮುಂದೆ 1988ರಲ್ಲಿ ಕಾವಲೂರಿನಲ್ಲಿ ಕಂಡುಹಿಡಿದ ಕ್ಷುದ್ರಗ್ರಹವೊಂದಕ್ಕೆ ಗಣಿತಜ್ಞ ರಾಮಾನುಜನ್ನರ ಹೆಸರಿಡಲಾಯಿತು.

ಸಂಶೋಧನೆಯ ಜೊತೆಗೆ ಬಾಪು ಅವರು ಮಾಡಿದ ಎರಡನೆಯ ಕೆಲಸವು ಶಿಕ್ಷಣ. ಕೊಡೈಕನಾಲಿನ ವೇಧಶಾಲೆಯು 1971ರಲ್ಲಿ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯೆಂಬ ಸ್ವಾಯತ್ತ ಸಂಸ್ಥೆಯಾಗಿ, ಬಳಿಕ ಬೆಂಗಳೂರನ್ನು ತನ್ನ ಕೇಂದ್ರವಾಗಿ ಮಾಡಿಕೊಂಡಿತು. ಅಲ್ಲಿ ಅವರು ತರುಣರನ್ನು ನಕ್ಷತ್ರಗಳ ವಿದ್ಯೆಯಲ್ಲಿ ಮಾತ್ರವಲ್ಲದೆ ಗಾಜನ್ನು ಉಜ್ಜಿ ಕನ್ನಡಿಮಾಡುವ ಕುಶಲಕರ್ಮದಲ್ಲಿಯೂ ಪಳಗಿಸುವ ಏರ್ಪಾಟು ಮಾಡಿದರು. ಎರಡೂವರೆ ಮೀಟರಿಗೆ ಸ್ವಲ್ಪವೇ ಕಡಿಮೆಯಾದ, ಅಂದರೆ 2.34 ಮೀಟರ್ ವ್ಯಾಸದ ದೊಡ್ಡ ದೂರದರ್ಶಕವು ಬೇಕೆನಿಸಿದಾಗ ಅದನ್ನು ಸಿದ್ಧವಾಗಿ ಕೊಂಡು ತರಲು ಅವರು ಒಪ್ಪಲಿಲ್ಲ. ಗಾಜಿನ ಬಿಲ್ಲೆ ಮಾತ್ರ ಜರ್ಮನಿಯಿಂದ ಬಂದಿತು. ಅದನ್ನು ಉಜ್ಜಿ ನಯಗೊಳಿಸಿದ್ದು ಬೆಂಗಳೂರಿನ ಕುಶಲಕರ್ಮಿಗಳು. ಅದನ್ನು ಹೊರುವ ಭಾರಿ ಉಕ್ಕಿನ ಚೌಕಟ್ಟನ್ನು ಕಟ್ಟಿದ್ದು ಮಹಾರಾಷ್ಟ್ರದ ವಾಲ್‌ಚಂದ್‌ನಗರದ ಕಾರ್ಖಾನೆ. ಸ್ವದೇಶಿಯೆಂಬ ಮಾತು ಬಟ್ಟೆಗೂ ಸಾಬೂನಿಗೂ ನಿಲ್ಲಬೇಕಾಗಿಲ್ಲವೆಂದು ಇದಕ್ಕಿಂತ ಚೆನ್ನಾಗಿ ತೋರಿಸಿದವರು ವಿರಳ. 1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಬಾಪು ಅವರನ್ನು ತನ್ನ ಅಧ್ಯಕ್ಷರನ್ನಾಗಿ ಆರಿಸಿತು. ತಮ್ಮ ದೂರದರ್ಶಕವು ಪೂರ್ಣವಾಗುವುದನ್ನು ನೋಡುವ ಭಾಗ್ಯವು ಅವರಿಗೆ ಬರಲಿಲ್ಲ. 1982ರ ಆಗಸ್ಟ್ 19ರಂದು ಜರ್ಮನಿಯ ಮ್ಯೂನಿಕ್ ನಗರದಲ್ಲಿ, ಐವತ್ತೈದರ ವಯಸ್ಸಿನಲ್ಲಿ, ಅವರು ತೀರಿಕೊಂಡರು. 1986ರ ಜನವರಿ 6ರಂದು ಆ ದೂರದರ್ಶಕವನ್ನು ಅವರ ಹೆಸರಿನಲ್ಲಿ ರಾಷ್ಟ್ರಕ್ಕೆ ಅರ್ಪಿಸಲಾಯಿತು.

ಇಷ್ಟನ್ನು ಹೇಳಿದ ಮೇಲೆ ಮೂರನೆಯ ಮಾತಿಗೆ, ಈ ಲೇಖನದ ಮುಖ್ಯ ವಿಷಯಕ್ಕೆ, ಬರುತ್ತೇವೆ. ಕನ್ನಡಿಯನ್ನು ಉಜ್ಜಿ ಪಡೆಯಬಹುದು, ತರುಣರನ್ನು ತರಬೇತು ಮಾಡಬಹುದು. ಆದರೆ ಕತ್ತಲೆಯನ್ನು ಕಾಪಾಡದೆ ಹೋದರೆ ಎರಡೂ ವ್ಯರ್ಥ. ಬಾಪು ಅವರಿಗೆ ಆಕಾಶವನ್ನು ಪರಿಚಯಿಸಿದ ನಿಜಾಮಿಯಾ ವೇಧಶಾಲೆಯ ಗತಿಯೇ ಇದಕ್ಕೆ ಸಾಕ್ಷಿ. ಅದಿದ್ದ ಬೇಗಂಪೇಟೆಯನ್ನು ಹೈದರಾಬಾದ್ ನಗರವು ನುಂಗಿಬಿಟ್ಟಿತು. ದೀಪಗಳ ಕಾಟವನ್ನು ತಾಳಲಾರದೆ ಉಸ್ಮಾನಿಯಾ ವಿಶ್ವವಿದ್ಯಾನಿಲಯದವರು ದೂರದ ಜಪಾಲ್–ರಂಗಾಪುರ ಗ್ರಾಮಗಳ ಬಳಿ 48 ಅಂಗುಲದ ದೂರದರ್ಶಕವನ್ನು 1968ರಲ್ಲಿ ನೆಲೆಗೊಳಿಸಿದರು. ನಗರವು ಅಲ್ಲಿಗೂ ತನ್ನ ಬೆಳಕನ್ನು ಚಾಚಿತು. ಆ ವೇಧಶಾಲೆಯ ಕೆಲಸವೂ ಕುಂದಿಹೋಯಿತು. ಅಮೆರಿಕದಲ್ಲಿಯೂ ಇದೇ ಕಥೆ. ವಿಶ್ವವು ಹಿಗ್ಗುತ್ತಿದೆಯೆಂಬುದಕ್ಕೆ ಸಾಕ್ಷ್ಯವನ್ನು ಒದಗಿಸಿದ ಮೌಂಟ್ ವಿಲ್ಸನ್ನಿನ ನೂರು ಅಂಗುಲದ ದೂರದರ್ಶಕವನ್ನು, ಲಾಸ್ ಏಂಜಲೀಸ್ ನಗರದ ದೀಪಗಳು ಆಕಾಶವನ್ನು ಬೆಳಗಿಸಿದ ಕಾರಣ, 1985ರಲ್ಲಿ ಕೆಲವು ವರ್ಷಗಳ ಮಟ್ಟಿಗೆ ಮುಚ್ಚಬೇಕಾಯಿತು. ಕೋಟಿಗಟ್ಟಲೆ ಖರ್ಚುಮಾಡಿ ಕಟ್ಟಿದುದನ್ನು ಬೀದಿದೀಪಗಳು ಯಾರ ಅಪ್ಪಣೆಯನ್ನೂ ಕೇಳದೆ ಮುಚ್ಚಿಸಿಬಿಡಬಲ್ಲವು.

ಇದು ಹೇಗೆ ನಡೆಯುತ್ತದೆಂಬುದನ್ನು ತಿಳಿಯಲು ದೊಡ್ಡ ಶಾಸ್ತ್ರವೇನೂ ಬೇಡ. ದೀಪದ ಬೆಳಕು ನೆಲದ ಮೇಲೆ ಮಾತ್ರ ಬಿದ್ದರೆ ದಾರಿಹೋಕನಿಗೆ ಉಪಯೋಗ. ಬುರುಡೆಗೆ ಮೇಲುಮುಚ್ಚಳವಿಲ್ಲದಿದ್ದರೆ ಬೆಳಕಿನ ಒಂದು ಪಾಲು ಪಕ್ಕಕ್ಕೂ ಮೇಲಕ್ಕೂ ಹರಿದು, ಗಾಳಿಯಲ್ಲಿರುವ ಧೂಳಿಗೂ ನೀರಾವಿಗೂ ತಾಗಿ ಚೆದರಿ, ಇಡೀ ಆಕಾಶಕ್ಕೆ ಮಬ್ಬು ಬಳಿಯುತ್ತದೆ. ಬೆಳಕು ಬಿಳಿಯಾಗಿ ನೀಲಿಗೆ ತಿರುಗಿದಷ್ಟೂ ಹೆಚ್ಚಾಗಿ ಚೆದರುತ್ತದೆ. ಈಗ ಊರೂರಿಗೂ ಬಂದಿರುವ ಬೆಳ್ಳನೆಯ ಎಲ್‌ಇಡಿ ದೀಪಗಳು ವಿದ್ಯುತ್ತನ್ನು ಮಿತವಾಗಿ ಬಳಸುತ್ತವೆಂಬುದು ನಿಜವಾದರೂ, ಆ ಮಿತವ್ಯಯದ ಹೆಸರಿನಲ್ಲಿಯೇ ಒಂದಿದ್ದಲ್ಲಿ ನಾಲ್ಕನ್ನು ಹಾಕುವ ಪರಿಪಾಠವು ಬೆಳೆದಿದೆ. ಮೇಲಕ್ಕೆ ಹೋದ ಬೆಳಕು ಯಾರ ಕಾಲಿಗೂ ದಾರಿ ತೋರುವುದಿಲ್ಲ. ಅದರ ಹಣವನ್ನು ಮಾತ್ರ ಪಂಚಾಯಿತಿಯ ಬೊಕ್ಕಸವೇ ಕೊಡಬೇಕು. 2011ರಿಂದ 2022ರವರೆಗೆ ಸಾಮಾನ್ಯ ಜನರು ತಮಗೆ ಕಾಣುವ ನಕ್ಷತ್ರಗಳನ್ನು ಕುರಿತು ಕಳುಹಿಸಿದ ವರದಿಗಳನ್ನು ಕಲೆಹಾಕಿ 2023ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಆಕಾಶದ ಹೊಳಪು ಸರಾಸರಿ ವರ್ಷಕ್ಕೆ ಶೇಕಡಾ 9.6ರಂತೆ ಏರಿದೆ. ಈ ವೇಗದಲ್ಲಿ ಎಂಟು ವರ್ಷಕ್ಕೊಮ್ಮೆ ಅದು ಇಮ್ಮಡಿಯಾಗುತ್ತದೆ. ಆ ವರದಿಗಳಲ್ಲಿ ಹೆಚ್ಚಿನವು ಯೂರೋಪು ಅಮೆರಿಕಗಳಿಂದ ಬಂದವು. ನಮ್ಮ ದೇಶದಲ್ಲಿ ಎಣಿಸುವವರೇ ಕಡಿಮೆ. ಅಷ್ಟರಿಂದಲೇ ನಷ್ಟವೂ ಕಡಿಮೆಯೆಂದು ಭಾವಿಸುವುದು ಅವಿವೇಕ.

ಈ ಅನಿಷ್ಟಕ್ಕೆ ಪರಿಹಾರವಿಲ್ಲವೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಅಮೆರಿಕದ ಫ್ಲ್ಯಾಗ್‌ಸ್ಟಾಫ್ ಪಟ್ಟಣದವರು ತಮ್ಮ ಊರಿನ ವೇಧಶಾಲೆಯ ಹಿತಕ್ಕಾಗಿ 1958ರಷ್ಟು ಹಿಂದೆಯೇ ಆಕಾಶಕ್ಕೆ ಬೆಳಕು ಚೆಲ್ಲುವ ಶೋಧಕ ದೀಪಗಳನ್ನು ನಿಷೇಧಿಸಿದರು. ಆ ಊರು ಅದರಿಂದ ಬಡವಾಗಲಿಲ್ಲ. ನಮ್ಮ ದೇಶದಲ್ಲಿಯೂ ಮೇಲ್ಪಂಕ್ತಿಗಳು ಹುಟ್ಟಿವೆ. ಬೆಂಗಳೂರಿನ ಸಂಸ್ಥೆಯವರು ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, ಎರಡು ಮೀಟರಿನ ದೂರದರ್ಶಕವನ್ನು ಇಟ್ಟು, ಅದನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ. ಅದರ ಸುತ್ತಲಿನ 1,073 ಚದರ ಕಿಲೋಮೀಟರ್ ಪ್ರದೇಶವನ್ನು 2022ರ ಡಿಸೆಂಬರ್ ತಿಂಗಳಲ್ಲಿ ಲಡಾಖಿನ ಆಡಳಿತದವರು ಕತ್ತಲ ಆಕಾಶದ ರಕ್ಷಿತ ಪ್ರದೇಶವೆಂದು ಪ್ರಕಟಿಸಿದರು. ಅಲ್ಲಿಯ ಹಳ್ಳಿಗರನ್ನು ಒಕ್ಕಲೆಬ್ಬಿಸಲಿಲ್ಲ. ದೀಪಗಳಿಗೆ ಮುಚ್ಚಳ, ಕಿಟಕಿಗಳಿಗೆ ಪರದೆ, ವಾಹನದ ದೀಪಗಳಿಗೆ ಮಿತಿ, ಇಷ್ಟೇ ಕಟ್ಟಳೆ. ಅದೇ ಹಳ್ಳಿಗಳ ಸ್ತ್ರೀಪುರುಷರಿಗೆ ತರಬೇತಿಯನ್ನೂ ಸಣ್ಣ ದೂರದರ್ಶಕಗಳನ್ನೂ ಕೊಟ್ಟು, ಬಂದ ಯಾತ್ರಿಕರಿಗೆ ನಕ್ಷತ್ರಗಳನ್ನು ತೋರಿಸಿ ಸಂಪಾದಿಸುವ ದಾರಿಯನ್ನು ಮಾಡಿಕೊಟ್ಟರು. ಮಹಾರಾಷ್ಟ್ರದ ಪೆಂಚ್ ಹುಲಿ ಸಂರಕ್ಷಿತ ಪ್ರದೇಶವಂತೂ 2024ರ ಜನವರಿಯಲ್ಲಿ ಭಾರತದ ಮೊದಲನೆಯ ಕತ್ತಲ ಆಕಾಶದ ಉದ್ಯಾನವೆಂಬ ಅಂತರರಾಷ್ಟ್ರೀಯ ಮನ್ನಣೆಯನ್ನು ಪಡೆಯಿತು. ಹುಲಿಯ ಕಾಡೊಂದು ನಕ್ಷತ್ರಗಳ ಕಾಡೂ ಆಗಬಹುದಾದರೆ ನಾಗರಹೊಳೆಗೆ ಆ ಯೋಗ್ಯತೆಯಿಲ್ಲವೆಂದು ಯಾರು ಹೇಳಬಲ್ಲರು?

ನಮ್ಮ ಸ್ಥಳದ ಮಹತ್ತ್ವವನ್ನು ಇನ್ನೊಂದು ದೃಷ್ಟಿಯಿಂದಲೂ ನೋಡಬಹುದು. ಕಾವಲೂರು ಇರುವುದು ಉತ್ತರ ಅಕ್ಷಾಂಶ ಹನ್ನೆರಡೂವರೆ ಡಿಗ್ರಿಯಲ್ಲಿ. ಹನಗೋಡು ಇರುವುದೂ ಹೆಚ್ಚುಕಡಿಮೆ ಅದೇ ಅಕ್ಷಾಂಶದಲ್ಲಿ. ಅಂದರೆ ಬಾಪು ಅವರು ಅಷ್ಟು ಶ್ರಮಪಟ್ಟು ಹುಡುಕಿದ ಆಕಾಶದ ನಕ್ಷತ್ರಗಳೇ ನಮ್ಮ ರೈತನ ಹೊಲದ ಮೇಲೆಯೂ ಹಾದುಹೋಗುತ್ತವೆ. ಲಂಡನ್ನಿನವನಿಗೆ ತನ್ನ ಊರಿನಲ್ಲಿ ಜನ್ಮಾಂತರಕ್ಕೂ ಕಾಣದ ಅಗಸ್ತ್ಯನೂ ತ್ರಿಶಂಕುವೂ ನಮ್ಮವನಿಗೆ ಕಾಣುತ್ತವೆ. ಧ್ರುವನೂ ಉತ್ತರದಲ್ಲಿ ಹನ್ನೆರಡು ಡಿಗ್ರಿ ಎತ್ತರದಲ್ಲಿ ತೋರುತ್ತಾನೆ. ಉತ್ತರ ದಕ್ಷಿಣ ಆಕಾಶಗಳೆರಡನ್ನೂ ಬಹುಮಟ್ಟಿಗೆ ನೋಡಬಲ್ಲ ಭಾಗ್ಯವು ಎಲ್ಲ ದೇಶಗಳಿಗೂ ಇಲ್ಲ. ಹನಗೋಡಿನಲ್ಲಿ ದೊಡ್ಡ ವೇಧಶಾಲೆಯನ್ನು ಕಟ್ಟಬೇಕೆಂದು ನಾವು ಹೇಳುತ್ತಿಲ್ಲ. ಮುಂಗಾರಿನ ಮೋಡಗಳು ಕೊಡಗಿನ ಅಂಚಿನ ಈ ಸೀಮೆಯನ್ನು ತಿಂಗಳುಗಟ್ಟಲೆ ಕವಿದಿರುತ್ತವೆಂಬುದನ್ನು ನಾವು ಬಲ್ಲೆವು. ಆದರೆ ಕಾರ್ತಿಕದಿಂದ ಚೈತ್ರದವರೆಗಿನ ನಿರ್ಮಲವಾದ ರಾತ್ರಿಗಳಲ್ಲಿ ಇದು ಇಡೀ ಮೈಸೂರಿನ ವಿದ್ಯಾರ್ಥಿಗಳಿಗೆ ಪಾಠಶಾಲೆಯಾಗಬಲ್ಲದು.

ಇಂಥ ಪಾಠಶಾಲೆಯ ಅಗತ್ಯವು ಈಗ ಎಂದಿಗಿಂತಲೂ ಹೆಚ್ಚಾಗಿದೆ. ನಮ್ಮ ಒಕ್ಕಲಿಗನು ರೋಹಿಣಿ ಮಳೆ, ಮೃಗಶಿರ ಮಳೆ, ಆರಿದ್ರ ಮಳೆ ಎಂದು ಲೆಕ್ಕವಿಟ್ಟೇ ಬಿತ್ತನೆಗೆ ತೊಡಗುತ್ತಾನೆ. ಸೂರ್ಯನು ಆಯಾ ನಕ್ಷತ್ರದ ಭಾಗದಲ್ಲಿರುವ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಆದಕಾರಣ ಆರಿದ್ರ ಮಳೆಯ ಕಾಲದಲ್ಲಿ ಆರಿದ್ರ ನಕ್ಷತ್ರವು ಸೂರ್ಯನ ಬೆಳಕಿನಲ್ಲಿ ಅಡಗಿರುತ್ತದೆ. ಅದನ್ನು ಕಣ್ಣಾರೆ ನೋಡಬೇಕಾದರೆ ಆರು ತಿಂಗಳ ಬಳಿಕ, ಧನುರ್ಮಾಸದ ಇರುಳಿನಲ್ಲಿ ನೋಡಬೇಕು. ಈ ಸರಳವಾದ ಸಂಗತಿಯನ್ನು ನಮ್ಮ ಶಾಲೆಯ ಎಷ್ಟು ಮಕ್ಕಳು ಬಲ್ಲರು? ಪಂಚಾಂಗವನ್ನು ನಂಬುವವರೂ ನಂಬದವರೂ ಅದರಲ್ಲಿ ಹೆಸರಿಸಿರುವ ಇಪ್ಪತ್ತೇಳು ನಕ್ಷತ್ರಗಳಲ್ಲಿ ನಾಲ್ಕನ್ನಾದರೂ ಆಕಾಶದಲ್ಲಿ ತೋರಿಸಲಾರದೆ ಹೋಗುವುದು ನಾಚಿಕೆಗೇಡು. ಕೊಡಗಿನಲ್ಲಿ ಹುಟ್ಟಿ ಮೈಸೂರಿನಲ್ಲಿ ನೆಲೆಸಿದ್ದ ಜಿ. ಟಿ. ನಾರಾಯಣ ರಾಯರು ತಮ್ಮ ಬಾಳಿನ ಬಹುಭಾಗವನ್ನು ಕನ್ನಡಿಗರಿಗೆ ಕನ್ನಡದಲ್ಲಿಯೇ ನಕ್ಷತ್ರಗಳನ್ನು ತೋರಿಸಿಕೊಡುವುದಕ್ಕೆ ಮುಡಿಪಾಗಿಟ್ಟಿದ್ದರು. ಅವರ ಪುಸ್ತಕಗಳು ನಮ್ಮಲ್ಲಿವೆ. ಅವುಗಳಲ್ಲಿ ಹೇಳಿದ ಆಕಾಶವನ್ನು ಮಾತ್ರ ನಾವು ಅಳಿಸುತ್ತಿದ್ದೇವೆ. ಮೈಸೂರಿನಲ್ಲಿ ಬೆಂಗಳೂರಿನ ಸಂಸ್ಥೆಯವರೂ ವಿಶ್ವವಿದ್ಯಾನಿಲಯದವರೂ ಸೇರಿ ನಿರ್ಮಿಸಲು ಹೊರಟ ತಾರಾಲಯ ಮತ್ತು ತರಬೇತಿ ಕೇಂದ್ರಕ್ಕೆ 2022ರಲ್ಲಿ ಶಂಕುಸ್ಥಾಪನೆಯಾದುದು ಸಂತೋಷದ ವಿಷಯ. ಆದರೆ ತಾರಾಲಯದ ಗುಮ್ಮಟದೊಳಗೆ ಕಾಣುವುದು ಆಕಾಶದ ಚಿತ್ರ. ಚಿತ್ರವನ್ನು ನೋಡಿದ ಹುಡುಗನು ನಿಜವಾದುದನ್ನು ನೋಡಬೇಕೆಂದರೆ ಅವನನ್ನು ಬಸ್ಸಿನಲ್ಲಿ ಎರಡು ಗಂಟೆಯೊಳಗೆ ಕರೆದೊಯ್ಯಬಹುದಾದ ಕತ್ತಲೆಯೊಂದು ಉಳಿದಿರಬೇಡವೇ?

ನಮ್ಮ ಮಾತಿಗೆ ಆಕ್ಷೇಪಣೆಗಳು ಬರುವುವೆಂದು ಬಲ್ಲೆವು, ಅವುಗಳಲ್ಲಿ ಹುರುಳಿಲ್ಲದಿಲ್ಲ. ಕಾಡಿನಂಚಿನ ರೈತನು ಆನೆ, ಚಿರತೆ, ಹುಲಿಗಳ ಭಯದಲ್ಲಿ ಬಾಳುತ್ತಾನೆ. ಅವನಿಗೆ ದೀಪವು ಅಲಂಕಾರವಲ್ಲ, ಪ್ರಾಣರಕ್ಷಣೆ. ಹೆಣ್ಣುಮಕ್ಕಳು ಸಂಜೆ ಕೆಲಸದಿಂದ ಮರಳುವ ದಾರಿ ಕತ್ತಲೆಯಾಗಿರಬಾರದು. ಇದನ್ನು ನಾವು ಸಂಪೂರ್ಣವಾಗಿ ಒಪ್ಪುತ್ತೇವೆ. ಆದುದರಿಂದಲೇ ನಾವು ದೀಪಗಳನ್ನು ತೆಗೆಯಿರಿ ಎನ್ನುತ್ತಿಲ್ಲ, ತಗ್ಗಿಸಿರಿ ಎನ್ನುತ್ತೇವೆ. ಕಣ್ಣಿಗೆ ನೇರವಾಗಿ ಹೊಡೆಯುವ ದೀಪವು ಅದರ ಆಚೆಗಿನ ಕತ್ತಲೆಯಲ್ಲಿ ನಿಂತ ಪ್ರಾಣಿಯನ್ನಾಗಲಿ ದುಷ್ಟನನ್ನಾಗಲಿ ತೋರಿಸುವುದಿಲ್ಲ; ಕಣ್ಣನ್ನು ಕುಕ್ಕಿ ಮತ್ತಷ್ಟು ಕುರುಡುಮಾಡುತ್ತದೆ. ಮೇಲೆ ಮುಚ್ಚಳವಿದ್ದು ನೆಲಕ್ಕೆ ಮಾತ್ರ ಬೀಳುವ, ಹಳದಿಗೆ ತಿರುಗಿದ ಬೆಳಕು ದಾರಿಯನ್ನೂ ತೋರಿಸುತ್ತದೆ, ಆಕಾಶವನ್ನೂ ಉಳಿಸುತ್ತದೆ. ಹೆಗ್ಗಡದೇವನಕೋಟೆಯ ಕಡೆ ಮೈಸೂರು–ಮಾನಂದವಾಡಿ ರಸ್ತೆಯಲ್ಲಿ ಕಾಡಿನ ಪ್ರಾಣಿಗಳ ನೆಮ್ಮದಿಗಾಗಿ ರಾತ್ರಿಯ ವಾಹನ ಸಂಚಾರವನ್ನು ನಿಲ್ಲಿಸಿದಾಗಲೂ ಆಕ್ಷೇಪಣೆಗಳು ಬಂದಿದ್ದುವು. ಆದರೂ ಜನರು ಅದಕ್ಕೆ ಹೊಂದಿಕೊಂಡರು. ಇಲ್ಲಿ ಕೇಳುತ್ತಿರುವ ತ್ಯಾಗವು ಅದರ ನೂರರಲ್ಲೊಂದು ಪಾಲೂ ಅಲ್ಲ.

ಇನ್ನು ಕೆಲವರು ಬೆಳಕೇ ಪ್ರಗತಿಯೆಂದು ವಾದಿಸುತ್ತಾರೆ. ಈ ವಾದವನ್ನು ಮೈಸೂರಿನವರಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. 1902ರಲ್ಲಿಯೇ ಶಿವನಸಮುದ್ರದ ಜಲಪಾತದಿಂದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿ, 1905ರಲ್ಲಿ ಬೆಂಗಳೂರಿನ ಬೀದಿಗಳನ್ನೂ ಬಳಿಕ ಮೈಸೂರನ್ನೂ ಬೆಳಗಿದ ನಾಡು ನಮ್ಮದು. ದಸರೆಯ ಅರಮನೆಯ ದೀಪಾಲಂಕಾರವನ್ನು ನಂದಿಸಬೇಕೆಂದು ನಾವು ಹೇಳಿದರೆ ಜನರು ನಮ್ಮನ್ನು ನಕ್ಕಾರು; ಹಾಗೆ ಹೇಳುವ ಉದ್ದೇಶವೂ ನಮಗಿಲ್ಲ. ಹಬ್ಬದ ಬೆಳಕು ಹಬ್ಬದೊಡನೆ ಮುಗಿಯುತ್ತದೆ. ವರ್ಷದ ಮುನ್ನೂರೈವತ್ತು ರಾತ್ರಿಯೂ ಯಾರಿಗೂ ಬೇಡದೆ ಆಕಾಶಕ್ಕೆ ಸುರಿಯುವ ಬೆಳಕನ್ನು ಪ್ರಗತಿಯೆಂದು ಕರೆಯುವುದು, ಒಡೆದ ನಾಲೆಯಿಂದ ಹರಿದುಹೋಗುವ ನೀರನ್ನು ನೀರಾವರಿಯೆಂದು ಕರೆದಂತಾಗುತ್ತದೆ.

ಹೀಗಿರಲು ಆಗಬೇಕಾದ ಕಾರ್ಯಗಳನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಮೊದಲನೆಯದಾಗಿ, ಹನಗೋಡು ಹೋಬಳಿಯ ಮತ್ತು ಕಾಡಿನಂಚಿನ ಇತರ ಗ್ರಾಮಗಳ ಪಂಚಾಯಿತಿಗಳು ಇನ್ನು ಮುಂದೆ ಕೊಳ್ಳುವ ಬೀದಿದೀಪಗಳೆಲ್ಲವೂ ಮೇಲುಮುಚ್ಚಳವುಳ್ಳವೂ ಹಳದಿ ಬೆಳಕಿನವೂ ಆಗಿರತಕ್ಕದ್ದೆಂದು ನಿರ್ಣಯ ಮಾಡಬೇಕು. ಹೊಸದಾಗಿ ಕೊಳ್ಳುವಾಗಲೇ ಇದನ್ನು ಗಮನಿಸಿದರೆ ಹೆಚ್ಚಿನ ಖರ್ಚಿನ ಮಾತು ಬಹುಮಟ್ಟಿಗೆ ಏಳುವುದಿಲ್ಲ. ಎರಡನೆಯದಾಗಿ, ಸರ್ಕಲ್ಲಿಗೊಂದರಂತೆ ಹೈಮಾಸ್ಟ್ ದೀಪವನ್ನು ನಿಲ್ಲಿಸಿ ಫಲಕದಲ್ಲಿ ಹೆಸರು ಹಾಕಿಸಿಕೊಳ್ಳುವ ಚುನಾಯಿತ ಪ್ರತಿನಿಧಿಗಳು ಆ ಹಣವನ್ನು ತಗ್ಗಿನ ಕಂಬಗಳ ಹಲವು ಸಣ್ಣ ದೀಪಗಳಿಗೆ ಬಳಸಬೇಕು. ಅದರಿಂದ ಬೆಳಕು ಕಾಣದ ಓಣಿಗಳಿಗೂ ಬೆಳಕು ಬರುತ್ತದೆ. ಮೂರನೆಯದಾಗಿ, ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದವರೂ ಅರಣ್ಯ ಇಲಾಖೆಯವರೂ ಜಿಲ್ಲಾಡಳಿತದವರೂ ಸೇರಿ ನಾಗರಹೊಳೆ ಮತ್ತು ಕಬಿನಿಯ ಸುತ್ತಲಿನ ರೆಸಾರ್ಟುಗಳ ಹೊರದೀಪಗಳಿಗೆ ಒಂದು ಕಟ್ಟಳೆಯನ್ನು ಮಾಡಬೇಕು. ಕಾಡಿನ ಸೊಬಗನ್ನು ತೋರಿಸುತ್ತೇವೆಂದು ಹಣ ಪಡೆಯುವವರು ಆ ಕಾಡಿನ ಇರುಳನ್ನು ಕೆಡಿಸಬಾರದೆಂಬುದು ನ್ಯಾಯ. ನಾಲ್ಕನೆಯದಾಗಿ, ಪೆಂಚ್‌ನಲ್ಲಿ ನಡೆದಂತೆ ನಾಗರಹೊಳೆಯ ಅಂಚಿನಲ್ಲಿಯೂ ಕತ್ತಲ ಆಕಾಶದ ಪ್ರದೇಶವೊಂದನ್ನು ಗುರುತಿಸುವ ವಿಚಾರವನ್ನು ಸರ್ಕಾರದವರು ಬೆಂಗಳೂರಿನ ಖಗೋಳ ಸಂಸ್ಥೆಯ ಸಲಹೆಯೊಡನೆ ಕೈಗೆತ್ತಿಕೊಳ್ಳಬೇಕು. ಇದರಲ್ಲಿ ಕಾಡಿನ ಆದಿವಾಸಿಗಳಾದ ಜೇನುಕುರುಬರೂ ಬೆಟ್ಟಕುರುಬರೂ ಕೇವಲ ನೋಡುಗರಾಗಿರದೆ, ಹಾನ್ಲೆಯ ಹಳ್ಳಿಗರಂತೆ ಮಾರ್ಗದರ್ಶಕರಾಗಿ ಅದರ ಲಾಭಕ್ಕೂ ಗೌರವಕ್ಕೂ ಮೊದಲ ಹಕ್ಕುದಾರರಾಗಬೇಕು.

ಐದನೆಯದು ವಿದ್ಯಾ ಇಲಾಖೆಯವರಿಗೆ ಸೇರಿದ್ದು. ನವೆಂಬರಿನಿಂದ ಏಪ್ರಿಲಿನವರೆಗೆ ತಿಂಗಳಿಗೊಂದು ಅಮಾವಾಸ್ಯೆಯ ಆಸುಪಾಸಿನ ಸಂಜೆ, ಪ್ರೌಢಶಾಲೆಯ ಮಕ್ಕಳನ್ನು ತಂದೆತಾಯಿಗಳೊಡನೆ ಶಾಲೆಯ ಬಯಲಿನಲ್ಲಿ ಕೂಡಿಸಿ, ಎರಡು ಗಂಟೆಯ ಕಾಲ ಬರಿಗಣ್ಣಿನಿಂದಲೇ ನಕ್ಷತ್ರಗಳನ್ನು ತೋರಿಸಬೇಕು. ಇದಕ್ಕೆ ದೂರದರ್ಶಕವು ಬೇಕೇಬೇಕೆಂದಿಲ್ಲ. ನಾಲ್ಕು ನಕ್ಷತ್ರಗಳನ್ನು ಬಲ್ಲ ಉಪಾಧ್ಯಾಯನು ಬೇಕು, ಶಾಲೆಯ ಎದುರಿನ ದೀಪವನ್ನು ಅಷ್ಟು ಹೊತ್ತು ಆರಿಸುವ ಪಂಚಾಯಿತಿ ಬೇಕು. ಮಕ್ಕಳು ತಮಗೆ ಕೃತ್ತಿಕೆಯಲ್ಲಿ ಎಷ್ಟು ನಕ್ಷತ್ರಗಳು ಕಂಡುವೆಂಬುದನ್ನು ಪುಸ್ತಕದಲ್ಲಿ ಬರೆದಿಡಲಿ. ವರ್ಷ ವರ್ಷವೂ ಹಾಗೆ ಬರೆದಿಟ್ಟ ಲೆಕ್ಕವೇ ನಮ್ಮ ಆಕಾಶದ ಪಹಣಿಯಾಗುತ್ತದೆ. ಆಗ ನಷ್ಟವಾದುದನ್ನು ಯಾರೂ ಅಲ್ಲಗಳೆಯಲಾಗದು.

ಪರದೇಶಕ್ಕೆ ಹೋಗಿ ವಿದ್ಯೆಯನ್ನು ಪಡೆದು, ಸ್ವದೇಶಕ್ಕೆ ಮರಳಿ, ನಮ್ಮವರ ಕೈಯಿಂದಲೇ ಕನ್ನಡಿಯನ್ನು ಉಜ್ಜಿಸಿ, ಕಾಡಿನ ನಡುವಿನ ಕತ್ತಲೆಯಲ್ಲಿ ಅದನ್ನು ನಿಲ್ಲಿಸುವ ಏರ್ಪಾಟು ಮಾಡಿಹೋದ ಮಹನೀಯರ ಶತಮಾನೋತ್ಸವಕ್ಕೆ ಭಾಷಣಗಳೂ ಹಾರತುರಾಯಿಗಳೂ ಒದಗುವುದರಲ್ಲಿ ಸಂದೇಹವಿಲ್ಲ. ನಮ್ಮ ಹನಗೋಡಿನ ಪಂಚಾಯಿತಿಯವರು ಒಂದು ಠರಾವನ್ನು ಮಂಜೂರು ಮಾಡಿ, ತಮ್ಮ ದೀಪಗಳಿಗೆ ಮುಚ್ಚಳ ಹಾಕಿಸಿದರೆ, ಆ ಭಾಷಣಗಳೆಲ್ಲಕ್ಕಿಂತ ಹೆಚ್ಚಿನ ಗೌರವವನ್ನು ಅವರಿಗೆ ಸಲ್ಲಿಸಿದಂತಾಗುವುದು. ಹುಣಸೂರಿನ ತಹಸೀಲ್ದಾರರೂ ತಾಲ್ಲೂಕು ಪಂಚಾಯಿತಿಯ ಅಧಿಕಾರಿಗಳೂ ಈ ಸಲಹೆಯನ್ನು ಪರಿಶೀಲಿಸಿ, ಮುಂದಿನ ಬೀದಿದೀಪಗಳ ಟೆಂಡರು ಹೊರಡುವ ಮುನ್ನವೇ ತಕ್ಕ ಸೂಚನೆಯನ್ನು ಕೊಡುವರೆಂದು ಆಶಿಸುತ್ತೇವೆ.